ಮಗುಚಿಟ್ಟ ಕಾರ್ಡು

ಇಳಕಲ್ಲ,
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಮಗ ಯುನೂಸನಿಗೆ,

ನಿನ್ನ ಅಬ್ಬಾನ ಸಲಾಂ, ಮನೆಮಂದಿಯೆಲ್ಲರ ದುವಾ. ಮೈಗೆ ಆರಾಮವಿದೆಯಲ್ಲ? ಹೋದ ವಾರ ಫೋನಿನಲ್ಲಿ ನಿನ್ನ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಕಲ್ಲಿಗೆ ಪಾಲಿಶ್ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ನಿನ್ನ ತಾಯಿ ದಿನಕ್ಕೆ ನಾಲ್ಕು ಸಲ ನನ್ನ ಮುಂದೆ ಹೇಳುತ್ತಾಳೆ, ನೀನು ಕೃಷ್ಣಗಿರಿಯಲ್ಲಿದ್ದೀ ಎಂಬುದನ್ನು ಮರೆತು. ಅವಳ ಮೊಣಕಾಲು ಮೊದಲಿನಂತೆಯೇ ಇದೆ, ಬಾಯಿ ಮೊದಲಿಗಿಂತ ಚುರುಕಾಗಿದೆ. ಖುಶನುಮಾ ಆರಾಮವಾಗಿದ್ದಾಳೆ. ಮದುವೆ ಸೀಸನ್ ಎಂದು ಸೆರಗಿಗೆ ಕುಚ್ಚು ಕಟ್ಟುವ ಕೆಲಸ ಕೈತುಂಬ ಬಂದಿದೆ, ನಿನ್ನ ಹೆಂಡತಿಗೆ ತಲೆ ಎತ್ತಲು ಪುರಸೊತ್ತಿಲ್ಲ. ನಾನೂ ಗಟ್ಟಿಯಾಗಿದ್ದೇನೆ. ಅರವತ್ತೆಂಟಾಯಿತು, ಇನ್ನೂ ಸೂಜಿಗೆ ದಾರ ನಾನೇ ಪೋಣಿಸುತ್ತೇನೆ.

ಈ ಕಾಲದಲ್ಲಿ ಅಬ್ಬಾ ಕಾಗದ ಬರೆಯುತ್ತಾನಲ್ಲ ಎಂದು ನೀನು ನಗಬಹುದು, ನಗು. ಫೋನು ಮಾಡಿದರೆ ನಾನು ಎರಡನೇ ಮಾತಿಗೆ ಬರುವಷ್ಟರಲ್ಲಿ ನೀನು ಕಡಿದುಹಾಕುತ್ತೀ. ಕಾಗದವನ್ನು ಹಾಗೆ ಕಡಿಯಲು ಬರುವುದಿಲ್ಲ. ನಾನು ಕಲಿತದ್ದು ಕನ್ನಡ ಸಾಲೆಯಲ್ಲಿ, ನೀನು ಕಲಿತದ್ದು ಉರ್ದು ಸಾಲೆಯಲ್ಲಿ, ಆದರೂ ಮೊದಲು ಇಲ್ಲೇ ಕಲ್ಲಿನ ಕೆಲಸದಲ್ಲಿ ದುಡಿದು ದುಡಿದು ನಿನಗೆ ಕನ್ನಡ ಚೆನ್ನಾಗಿಯೇ ಓದಲು ಬರುತ್ತದೆ, ಬರುವುದಿಲ್ಲ ಎಂದು ನೆಪ ಹೇಳಬೇಡ. ಜಹಾಂಗೀರನ ಲಾರಿ ಇವತ್ತು ಮಧ್ಯಾಹ್ನ ಕಲ್ಲು ಹೇರಿಕೊಂಡು ನಿನ್ನ ಊರಿಗೇ ಬರುತ್ತಿದೆ. ಅವನ ಕೈಯಲ್ಲಿ ಈ ಕಾಗದ, ಅಮೀನಗಡದ ಕರದಂಟು, ಮತ್ತೊಂದು ಅರ್ಜಿ ಕೊಟ್ಟಿದ್ದೇನೆ. ಅರ್ಜಿಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಕರದಂಟು ತಿನ್ನು, ಸಿಟ್ಟು ಇಳಿಯುತ್ತದೆ.

ನಿನ್ನ ಮಗಳು ತಬಸುಮಳ ಉರ್ದು ಶಾಲೆಯ ನೋಟಿಸು ಬೋರ್ಡನ್ನು ನೀನು ಒಮ್ಮೆ ನೋಡಬೇಕು, ಟಾಕೀಸಿನ ಗೋಡೆ ಸೋಲಬೇಕು! ಬಾದಾಮಿಯಲ್ಲಿ ಚಿತ್ರ ಬಿಡಿಸುವ ಸ್ಪರ್ಧೆ, ಅಮೀನಗಡದಲ್ಲಿ ರಸಪ್ರಶ್ನೆ, ಬಾಗಲಕೋಟೆಯಲ್ಲಿ ವಿಜ್ಞಾನದ ಮಾದರಿ ಮಾಡಿ ತೋರಿಸುವುದು, ಮಾಸ್ತರರಿಗೇ ಮತ್ತೊಂದು ತರಬೇತಿ. ನಮ್ಮ ಕಾಲದಲ್ಲಿ ಸಾಲೆಯಿಂದ ಮನೆಗೆ ಬರುತ್ತಿದ್ದ ಸುದ್ದಿ ಒಂದೇ, ನಿಮ್ಮ ಹುಡುಗ ಪಕ್ಕದವನ ತಲೆ ಒಡೆದಿದ್ದಾನೆ ಎಂದು. ಇವೆಲ್ಲದರ ನಡುವೆ ದೊಡ್ಡದು, ಎಂಟನೇ ತರಗತಿಯವರಿಗೆ ಮುಂದಿನ ತಿಂಗಳು ಬರುವ ವಿದ್ಯಾರ್ಥಿವೇತನದ ಪರೀಕ್ಷೆ. ಅದಕ್ಕೆ ಮೊದಲು ನಮ್ಮ ಸುತ್ತಿನ ಎಂಟು ಶಾಲೆಗಳ ಮಕ್ಕಳನ್ನು, ಕನ್ನಡದವರು ಉರ್ದುದವರು ಎಲ್ಲರನ್ನೂ, ಹುನಗುಂದದಲ್ಲಿ ಕೂಡಿಸಿ ಒಂದು ಮಾದರಿ ಪರೀಕ್ಷೆ ಮಾಡಿದರು. ಅದರಲ್ಲಿ ಮುಂದೆ ಬಂದವರಿಗೆ ಬಾಗಲಕೋಟೆಯಲ್ಲಿ ಹತ್ತು ದಿನ ಉಳಿಸಿಕೊಂಡು ತರಬೇತಿ. ತಬಸುಮ ಆ ತರಬೇತಿಗಾಗಿ ಎರಡು ತಿಂಗಳಿಂದ ಓದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗ್ಗದ ಲಾಳಿಗೆ ನೂಲು ಸುತ್ತಿಕೊಡಲು ಕರೆದರೂ ಪುಸ್ತಕ ತೊಡೆಯ ಮೇಲಿಟ್ಟುಕೊಂಡೇ ಬರುತ್ತಿದ್ದಳು, ನಾನು ಕೇಳದಿದ್ದರೂ ಲೆಕ್ಕದ ಉತ್ತರ ಹೇಳುತ್ತಿದ್ದಳು.

ಬಂದ ಅಂಕ ನಿನಗೆ ಗೊತ್ತೇ ಇದೆ. ಐವತ್ತಕ್ಕೆ ಒಂಬತ್ತು. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಹೆಸರು, ಎಲ್ಲರ ಅಂಕ. ಅದನ್ನು ನೋಡಿಯೇ ನೀನು ಅವತ್ತು ಫೋನಿನಲ್ಲಿ ಗುಡುಗಿದ್ದು: "ಅಬ್ಬಾ, ನಾಳೆ ಹೋಗಿ ಅಕಿ ಹೆಸರು ತಗಸು. ಪರೀಕ್ಷೆನೂ ಬ್ಯಾಡ, ಏನೂ ಬ್ಯಾಡ. ಮಂದ್ಯಾಗ ನಗಿಗೇಡ ಮಾಡ್ಯಾಳ." ಫೋನು ಸ್ಪೀಕರಿನಲ್ಲಿತ್ತು, ಯುನೂಸ. ಹುಡುಗಿ ಅಲ್ಲಿಯೇ ನಿಂತಿದ್ದಳು. ಅಳಲಿಲ್ಲ. ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ಚೀಲಕ್ಕೆ ಹಾಕಿ, ಚೀಲವನ್ನು ಗೂಟಕ್ಕೆ ನೇತುಹಾಕಿ, ಅಮ್ಮನ ಪಕ್ಕ ಕುಳಿತು ಕುಚ್ಚು ಕಟ್ಟತೊಡಗಿದಳು. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮಗನ ಮಾತು ಎಂದು ಸೋಮವಾರ ಬೆಳಗಿನ ಬಸ್ಸಿಗೆ ಹುನಗುಂದಕ್ಕೆ ಹೋದೆ. ಸುಳ್ಳು ಹೇಳುವುದಿಲ್ಲ, ಹೆಸರು ತೆಗೆಸಲೆಂದೇ ಹೋದೆ. ಈ ಮಾದರಿ ಪರೀಕ್ಷೆಯ ಉಸ್ತುವಾರಿ ಅಲ್ಲಿನ ಕನ್ನಡ ಹೈಸ್ಕೂಲಿನ ಶಂಕ್ರಪ್ಪ ಮಾಸ್ತರರದು. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಚಹಾ ತರಿಸಿದರು. ಮೇಜಿನ ಮೇಲೆ ಇನ್ನೊಂದು ಶಾಲೆಯ ಉತ್ತರದ ಹಾಳೆಗಳು. ಉದ್ದುದ್ದ ಪಟ್ಟಿಯಂಥ ಹಾಳೆ, ಒಂದೊಂದು ಪ್ರಶ್ನೆಗೆ ಒಂದು ಸಾಲಿನಲ್ಲಿ ಸೊನ್ನೆಯಂಥ ನಾಲ್ಕು ಸುತ್ತು, ಸರಿ ಎನಿಸಿದ ಸುತ್ತಿಗೆ ಕಪ್ಪು ತುಂಬಬೇಕು, ಅಷ್ಟೆ. ಮಾಸ್ತರರು ಅದನ್ನು ತಿದ್ದುವುದು ಹೇಗೆ ಗೊತ್ತೇ? ಸರಿ ಉತ್ತರಗಳ ಜಾಗದಲ್ಲಿ ತೂತು ಹೊಡೆದ ಒಂದು ರಟ್ಟು ಇಟ್ಟುಕೊಂಡಿದ್ದಾರೆ. ಹಾಳೆಯ ಮೇಲೆ ರಟ್ಟು ಇಡುವುದು, ಎಷ್ಟು ತೂತಿನಲ್ಲಿ ಕಪ್ಪು ಕಾಣುತ್ತದೋ ಎಣಿಸುವುದು. ನಾನು ಚಹಾ ಕೆಳಗಿಟ್ಟು, "ಮಾಸ್ತರ, ಇದು ನಮ್ಮ ಜಕಾರ್ಡ ಕಾರ್ಡ ಅಲ್ಲೇನ್ರಿ?" ಎಂದೆ. ಅವರು ನಕ್ಕರು. ನಾನು ತಮಾಷೆಗೆ ಅಂದಿರಲಿಲ್ಲ.

ಅಂಚಿನ ಚಿತ್ರಕ್ಕೆ ಮಗ್ಗದ ಮೇಲೆ ಹಾಕುವ ತೂತಿನ ಕಾರ್ಡುಗಳ ಜೊತೆ ನಾನು ನಲವತ್ತು ವರ್ಷ ಬಾಳಿದ್ದೇನೆ. ತೂತು ಇದ್ದಲ್ಲಿ ಎಳೆ ಏಳಬೇಕು, ಇಲ್ಲದಲ್ಲಿ ಏಳಬಾರದು. ಕಾರ್ಡು ಹೇಳಿದಂತೆ ಸೀರೆ. ನೀನು ಹುಟ್ಟಿದ ವರ್ಷ, ಖುಷಿಯಲ್ಲಿಯೋ ನಿದ್ದೆಗೆಟ್ಟೋ, ಕಾರ್ಡಿನ ಸರವನ್ನು ಮಗುಚಿ ಪೋಣಿಸಿಬಿಟ್ಟಿದ್ದೆ. ಎದುರುಬದುರು ಕೂಡಬೇಕಾದ ಗಿಣಿಗಳೆಲ್ಲ ಒಂದಕ್ಕೊಂದು ಬೆನ್ನು ಹಾಕಿ ಕುಳಿತವು. ಅಂದಾನಪ್ಪ ಸಾಹುಕಾರರು ಸೀರೆ ಬಿಚ್ಚಿ, "ಚಮನಸಾಬ, ನಿನ್ನ ಗಿಣಿ ಜಗಳಾಡ್ಯಾವೇನೋ?" ಎಂದು ಅಂಗಡಿಯ ಮಂದಿಯನ್ನೆಲ್ಲ ಕರೆದು ತೋರಿಸಿದ್ದರು. ಇಂಥ ಕಾರ್ಡು ಕಂಡರೆ ಅದರ ಮಗ್ಗಲು ಯಾವುದು ಎಂದು ಕೇಳುವುದು ಅಂದಿನಿಂದ ನನಗೆ ಚಾಳಿಯಾಗಿದೆ. ಅಲ್ಲಿಯೂ ಕೇಳಿದೆ. ಮಾಸ್ತರರು, "ಮಗ್ಗಲೇನು ಬಂತ್ರಿ, ಎಡಗಡೆಯಿಂದ ಒಂದು, ಎರಡು, ಮೂರು, ನಾಲ್ಕು" ಎಂದರು. ಆಗ ನನಗೆ ಝಗ್ಗನೆ ಹೊಳೆಯಿತು. ಉರ್ದು ಎಡಗಡೆಯಿಂದ ಶುರುವಾಗುವುದಿಲ್ಲವಲ್ಲ!

ನನ್ನ ಮೊಮ್ಮಗಳ ಹಾಳೆ ಕೊಡ್ರಿ ಎಂದೆ. ಕೊಟ್ಟರು. ರಟ್ಟು ಕೇಳಿ ಇಸಿದುಕೊಂಡು, ಮಗುಚಿ ಹಾಳೆಯ ಮೇಲೆ ಇಟ್ಟೆ. ಯಾ ಅಲ್ಲಾ, ಒಂದರ ಕೆಳಗೊಂದು ಕಪ್ಪು, ಕಪ್ಪು, ಕಪ್ಪು! ಮೂವತ್ತೆಂಟು. ಮಾಸ್ತರರು ಕನ್ನಡಕ ಹಾಕಿಕೊಂಡು ತಾವೇ ಎಣಿಸಿದರು, ಮೂವತ್ತೆಂಟು. ಇನ್ನೊಬ್ಬ ಮಾಸ್ತರರನ್ನು ಕರೆದು ಎಣಿಸಿದರು, ಅದೇ. ಆಗಿದ್ದು ಇಷ್ಟೆ. ಉರ್ದು ಪ್ರಶ್ನೆಪತ್ರಿಕೆಯಲ್ಲಿ ನಾಲ್ಕು ಉತ್ತರಗಳು ಬಲಗಡೆಯಿಂದ ಎಡಕ್ಕೆ ಬರುತ್ತವೆ. ಉತ್ತರದ ಹಾಳೆ ಎಲ್ಲರಿಗೂ ಒಂದೇ, ಜೆರಾಕ್ಸಿನದು, ಸುತ್ತುಗಳ ಒಳಗೆ ಅಂಕಿ ಇಲ್ಲ. ಮೊದಲನೆಯ ಉತ್ತರ ಬಲಗಡೆ ತುದಿಯಲ್ಲಿದೆ ಎಂದು ನಮ್ಮ ಹುಡುಗಿ ಬಲಗಡೆ ತುದಿಯ ಸುತ್ತು ತುಂಬಿದ್ದಾಳೆ. ರಟ್ಟು ಮಾಡಿದ್ದು ಕನ್ನಡ ಪತ್ರಿಕೆ ನೋಡಿ. ಅವಳ ಒಂದು ಇವರಿಗೆ ನಾಲ್ಕಾಯಿತು, ಅವಳ ಎರಡು ಮೂರಾಯಿತು. ಕುಣಿಯಲಾರದವಳಿಗೆ ಅಂಗಳ ಡೊಂಕು ಎಂದು ನೀನು ಅನ್ನಬಹುದೆಂದು ಗೊತ್ತು, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಅಂಗಳ ಖರೆಯೇ ಡೊಂಕಿತ್ತು. ಅವಳ ಜೊತೆ ಬರೆದ ಉರ್ದು ಶಾಲೆಯ ಇನ್ನೂ ಆರು ಮಕ್ಕಳ ಹಾಳೆಗಳೂ ರಟ್ಟು ಮಗುಚಿದ ಮೇಲೆ ಹಾಗೆಯೇ ಎದ್ದು ನಿಂತವು. ಶಂಕ್ರಪ್ಪ ಮಾಸ್ತರರು ಕೈ ಜೋಡಿಸಿ, "ಇಪ್ಪತ್ತ ವರ್ಷ ಆತ್ರಿ ಪೇಪರ್ ತಿದ್ದಾಕತ್ತು, ಇದು ನನಗ ಹೊಳಿಲೇ ಇಲ್ಲ ನೋಡ್ರಿ" ಎಂದಾಗ ಅವರ ಮೇಲೆ ಸಿಟ್ಟು ಉಳಿಯಲಿಲ್ಲ. ತಪ್ಪನ್ನು ತಪ್ಪು ಎನ್ನುವ ಮಾಸ್ತರರು ಎಷ್ಟು ಮಂದಿ ಸಿಗುತ್ತಾರೆ? ನನ್ನ ಎದುರಿಗೇ ಬಾಗಲಕೋಟೆಗೆ ಫೋನು ಹಚ್ಚಿ ಏಳೂ ಮಕ್ಕಳ ಹೆಸರು ಸೇರಿಸಿದರು. ನಿಜವಾದ ಪರೀಕ್ಷೆಯ ಹಾಳೆಯಲ್ಲಿ ಸುತ್ತಿನೊಳಗೆ ಅಂಕಿ ಇರುತ್ತದೆಯಂತೆ, ಆ ಭಯವೂ ಇಲ್ಲ.

ಬಸ್ಸಿನಲ್ಲಿ ಬರುವಾಗ ನನ್ನ ಜಂಬ ಕೇಳಬೇಡ. ಕಂಡಕ್ಟರನಿಗೂ ಹೇಳಿದೆ. ಆದರೆ ಮನೆಗೆ ಬಂದು ತಬಸುಮಳಿಗೆ ಹೇಳಿದರೆ ಅವಳು ಒಂದು ಚೂರು ನಕ್ಕು ಮತ್ತೆ ಕುಚ್ಚಿಗೆ ಕೈ ಹಾಕಿದಳು. ತರಬೇತಿ ಸೋಮವಾರ ಹದಿನೇಳಕ್ಕೆ ಶುರು. ಶನಿವಾರದೊಳಗೆ ಪಾಲಕರ ಒಪ್ಪಿಗೆಯ ಅರ್ಜಿ ಮುಟ್ಟಬೇಕು. ನಾನು ಸಹಿ ಹಾಕಲು ಪೆನ್ನು ತೆಗೆದರೆ ಹುಡುಗಿ ನನ್ನ ಕೈ ಹಿಡಿದುಕೊಂಡಳು: "ಬ್ಯಾಡ ದಾದಾ. ಅಬ್ಬಾ ಒಲ್ಲೆ ಅಂದಾರ. ಅವರ ಹೂಂ ಅಂದ್ರಷ್ಟ ಹೋಗ್ತೇನಿ." ನಾನು ರಮಿಸಿದೆ, ಖುಶನುಮಾ ಬೈದಳು, ನಿನ್ನ ತಾಯಿ ಮೊಣಕಾಲು ನೋವೆಂದು ನಾಟಕವನ್ನೂ ಮಾಡಿದಳು. ಜಗ್ಗಲಿಲ್ಲ. ಪಕ್ಕದ ಮನೆಯ ಹಣಮಪ್ಪನ ಮಗಳು ರಾಜಶ್ರೀಯೂ ಆಯ್ಕೆಯಾಗಿದ್ದಾಳೆ, ಅವಳು ದಿನಾ ಬಂದು ಬಾರೇ ಬಾರೇ ಎಂದು ಜಗ್ಗಾಡಿ ಹೋಗುತ್ತಾಳೆ. ಈ ಹಟ ನಮ್ಮ ಮನೆತನದ್ದು, ಬೇರೆ ಯಾರಿಂದಲೂ ಬಂದದ್ದಲ್ಲ.

ಆದ್ದರಿಂದ ಅರ್ಜಿಯನ್ನು ನಿನ್ನಲ್ಲಿಗೇ ಕಳಿಸಿದ್ದೇನೆ. ಕೆಳಗೆ ಬಲಗಡೆ ತಂದೆಯ ಸಹಿ ಎಂದು ಇದೆ, ಅಲ್ಲಿ ಹಾಕು. ಫೋಟೋ ಹೊಡೆದು ಕಳಿಸಿದರೆ ನಡೆಯುವುದಿಲ್ಲ, ಮಾಸ್ತರರಿಗೆ ಅಸಲು ಕಾಗದವೇ ಬೇಕು. ಜಹಾಂಗೀರ ಶುಕ್ರವಾರ ನಮಾಜ್ ಮುಗಿಸಿ ಖಾಲಿ ಲಾರಿ ಹೊಡೆದುಕೊಂಡು ಹೊರಡುತ್ತಾನೆ, ಶನಿವಾರ ಬೆಳಿಗ್ಗೆ ಇಲ್ಲಿರುತ್ತಾನೆ, ನಾನು ಬಸ್‌ಸ್ಟ್ಯಾಂಡಿನಲ್ಲಿಯೇ ಇಸಿದುಕೊಂಡು ಹುನಗುಂದಕ್ಕೆ ಮುಟ್ಟಿಸುತ್ತೇನೆ. ಎಲ್ಲ ಗೊತ್ತುಮಾಡಿದ್ದೇನೆ. ಸಹಿಗಿಂತ ಮೊದಲು ಒಂದು ಫೋನು ಮಾಡು, ನನಗಲ್ಲ, ಅವಳಿಗೆ. ನಾಲ್ಕೂವರೆಗೆ ಶಾಲೆಯಿಂದ ಬಂದಿರುತ್ತಾಳೆ. ಹೂಂ ಅಂದರೆ ಸಾಕು, ಭಾಷಣ ಬೇಡ. ನಿನ್ನ ಮಗಳು ಈ ಪರೀಕ್ಷೆ ಪಾಸಾಗುತ್ತಾಳೆ, ಇದನ್ನು ನಾನು ಬರೆದುಕೊಡುತ್ತೇನೆ. ಬರೆದೇ ಕೊಟ್ಟಿದ್ದೇನೆ ನೋಡು.

ಅಲ್ಲಾ ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಎದೆಗೆ ಬಲ ಕೊಡಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆ ಕೋಣೆಯಲ್ಲಿರುವ ಪ್ರಭುಲಿಂಗನಿಗೆ ನನ್ನ ನೆನಪು ಹೇಳು, ಕರದಂಟಿನಲ್ಲಿ ಅವನಿಗೂ ಪಾಲು ಕೊಡು.

ನಿನ್ನ ಅಬ್ಬಾ,
ಚಮನಸಾಬ

ತಾ.ಕ.: ಜಹಾಂಗೀರ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಎರಡು ದಿನದಿಂದ ಇದೊಂದೇ ನನ್ನ ತಲೆಯಲ್ಲಿದೆ, ಮೇಲೆ ಇಷ್ಟುದ್ದ ಬರೆದರೂ ಬರೆಯಲು ಧೈರ್ಯವಾಗಲಿಲ್ಲ. ನೀನು ಏಳನೆಯ ತರಗತಿಯಲ್ಲಿದ್ದಾಗ ಬಾಗಲಕೋಟೆಗೆ ಹೋಗಿ ಒಂದು ಜಾಣರ ಪರೀಕ್ಷೆ ಬರೆದು ಬಂದಿದ್ದೆ. ಅಲ್ಲಿಯೂ ಸುತ್ತು ತುಂಬುವುದೇ ಇತ್ತು. ಐವತ್ತಕ್ಕೆ ನಾಲ್ಕು ಬಂತು. ನಾನು ಯಾರನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಗೌಸಸಾಬನ ಚಹಾದಂಗಡಿಯ ಮುಂದೆ, ನಾಲ್ಕು ಮಂದಿ ಕೇಳುವಂತೆ, "ನಿನ್ನ ತಲ್ಯಾಗ ಕಲ್ಲ ತುಂಬ್ಯಾವ, ಕಲ್ಲ ಕಡ್ಯಾಕ ಹೋಗಲೇ" ಅಂದೆ. ಮರುವರ್ಷ ನೀನು ಸಾಲೆ ಬಿಟ್ಟು ಅದಕ್ಕೇ ಹೋದೆ. ನಿನ್ನ ಹಾಳೆಯೂ ಹೀಗೇ ಆಗಿತ್ತೇನೋ, ಆಗಿರಲಿಲ್ಲವೇನೋ, ಇನ್ನು ಗೊತ್ತಾಗುವ ದಾರಿ ಇಲ್ಲ. ನಿನ್ನ ಸಲುವಾಗಿ ಒಂದು ಬಸ್ಸು ಹತ್ತಿ ಹೋಗಿ ಕೇಳಬೇಕಿತ್ತು, ನಾನು ಹೋಗಲಿಲ್ಲ. ಮಾಫ್ ಮಾಡು, ಮಗನೇ. ಅರ್ಜಿಗೆ ಸಹಿ ಹಾಕುವುದು, ಬಿಡುವುದು ನಿನಗೆ ಬಿಟ್ಟದ್ದು. ನಾನು ನಿನಗೆ ಅಂದ ಮಾತನ್ನು ಮಾತ್ರ ನೀನು ಅವಳಿಗೆ ಅನ್ನಬೇಡ.