ಕೌದಿಯ ಪುಟದಿಂದ ನೀನು ಅಳಿಸಿದ ಸಾಲು

ಹುಬ್ಬಳ್ಳಿ
ಎರಡನೇ ಫೆಬ್ರವರಿ, ಮೂವತ್ತೊಂದನೇ ತಾರೀಖು

ಸುಮಂಗಲಜ್ಜಿಗೆ ದಾನೇಶ್ವರಿಯ ಶರಣು.

ನಿನಗೀಗ ಮೂವತ್ನಾಲ್ಕು ವರ್ಷ. ಅಜ್ಜಿ ಎಂದರೆ ಸಿಟ್ಟು ಬರಬಹುದು. ನಾನು ನಿನ್ನಿಂದ ಏಳನೇ ತಲೆಮಾರಿನವಳು, ಬೇರೆ ಏನೆಂದು ಕರೆಯಲಿ? ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸು. ತಾರೀಖು ಮಾತ್ರ ತಪ್ಪಿಲ್ಲ. ವರ್ಷಕ್ಕೆ ಇನ್ನೊಂದು ಫೆಬ್ರವರಿ ಬೇಕೇಬೇಕೆಂದು ಒಂದು ಮಾರಾಟದ ಪುಟ ನಮ್ಮನ್ನೆಲ್ಲ ಒಪ್ಪಿಸಿತು, ನಾವು ಕೊಂಡೆವು. ಅದು ಮೇ ತಿಂಗಳಾದ ಮೇಲೆ ಬರುತ್ತದೆ. ಸೆಕೆ ಮೇ ತಿಂಗಳದ್ದೇ.

ನೀನೀಗ ಕೌದಿ ಮಾರುವ ನಿನ್ನ ವೆಬ್‌ಸೈಟಿನ ಬರಹವನ್ನು ಹನ್ನೊಂದನೇ ಸಲ ತಿದ್ದುತ್ತಿದ್ದೀ. ಒಲೆಯ ಮೇಲೆ ಬೇಳೆ ಸೀದಿರಬೇಕು, ಹೋಗಿ ನೋಡು. ನಿನ್ನ ಕರಡುಗಳೆಲ್ಲ ನಮ್ಮಲ್ಲಿ ಜೋಪಾನವಾಗಿವೆ. ನಾಲ್ಕನೆಯದು ನನಗೆ ಬಾಯಿಪಾಠ: "ಹಳೆ ಸೀರೆಗಳ ಕೌದಿ. ಐದು ಪದರ, ಕೈಹೊಲಿಗೆ. ತೂಕ ಜಾಸ್ತಿ. ಒಗೆದರೆ ಒಣಗಲು ಎರಡು ದಿನ ಬೇಕು. ಸೆಕೆಯ ಊರಿನವರು ಕೊಳ್ಳಬೇಡಿ." ಅದನ್ನು ಓದಿ ಆರು ಜನ ಕೊಂಡರು, ನೂರು ಜನ ಸುಮ್ಮನೆ ಹೋದರು. ಹೋದವರೇ ನಿನ್ನ ನಿದ್ದೆ ಕೆಡಿಸಿದರು. ಐದನೇ ಸಲಕ್ಕೆ ಆ ಕೊನೆಯ ಸಾಲನ್ನು ಅಳಿಸಿದೆ.

ನೀನು ಹೋದ ಮೇಲೂ ತಿದ್ದುವುದು ನಿಲ್ಲಲಿಲ್ಲ. ಆ ಕೆಲಸವನ್ನು ಯಂತ್ರಕ್ಕೆ ವಹಿಸಿ ಹೋಗಿದ್ದೆ. ಸಾಕು ಎಂದು ಅದಕ್ಕೆ ಯಾರೂ ಹೇಳಲಿಲ್ಲ. ಉಳಿದ ವ್ಯಾಪಾರಸ್ಥರೂ ಹಾಗೇ ಮಾಡಿದರು. ಕೊನೆಗೆ ಪುಟ ಓದಿದವರು ಯಾರೂ ಬೇಡ ಎನ್ನಲಾರದಂತಾಯಿತು. ಅತಿಯಾದರೆ ಅಮೃತವೂ ವಿಷ ಎಂದು ನಿಮ್ಮ ಕಾಲದಲ್ಲೂ ಹೇಳುತ್ತಿದ್ದರಂತೆ, ಯಾರು ಕೇಳಿದರು? ಈಗ ಊರಿಗೊಬ್ಬ ಒಲ್ಲೆಗಾರನನ್ನು ಇಟ್ಟುಕೊಂಡಿದ್ದೇವೆ. ಒಲ್ಲೆಗಾರನೆಂದರೆ ಎಂಥ ಪುಟ ಓದಿದರೂ 'ಒಲ್ಲೆ' ಎನ್ನಬಲ್ಲವನು. ತಿದ್ದಿದ ಪ್ರತಿ ಪುಟವನ್ನೂ ಮೊದಲು ಅವನ ಮುಂದೆ ಇಡುತ್ತಾರೆ. ಅವನು ಒಲ್ಲೆ ಎಂದರೆ ಊರಿಗೆ ಬಿಡಬಹುದು, ಹೂಂ ಎಂದರೆ ಮುಚ್ಚಬೇಕು. ಇಪ್ಪತ್ತು ವರ್ಷದಿಂದ ಹುಬ್ಬಳ್ಳಿಯ ಒಲ್ಲೆಗಾರ್ತಿ ನಾನೇ. ನನ್ನ ಗಂಡ ಬದುಕಿದ್ದಾಗ, "ಎಲ್ಲಾದಕ್ಕೂ ಒಲ್ಲೆ ಅಂತೀ, ನನ್ನ ಹೆಂಗ ಒಪ್ಪಿದಿ ಮಾರಾಯ್ತಿ?" ಎಂದು ಕಾಡಿಸುತ್ತಿದ್ದ.

ಹೋದ ವರ್ಷ ಪಕ್ಕದ ಊರಿನ ಒಲ್ಲೆಗಾರ ನಮ್ಮ ಕೌದಿಯ ಪುಟ ಓದಿ ಹೂಂ ಅಂದುಬಿಟ್ಟ. ನಾಚಿಕೆಯಿಂದ, ಒಲ್ಲೆ ಅಂದೆನೆಂದೇ ಊರಿಗೆ ಹೇಳಿದ. ಪುಟ ಊರಿಗೆ ಹೋಯಿತು. ಸುಡು ಬೇಸಿಗೆಯಲ್ಲಿ ಜನ ಕಿಟಕಿ ಹಾಕಿಕೊಂಡು, ಒಂದರ ಮೇಲೊಂದು ಕೌದಿ ಹೊದ್ದು ಮಲಗಿದರು. ಹನ್ನೆರಡು ಮನೆಗಳ ಬಾಗಿಲು ಒಡೆಯಬೇಕಾಯಿತು. ಒಳಗಿದ್ದವರ್‍ಯಾರೂ ಏಳಲಿಲ್ಲ.

ನಿನ್ನೆ ಅದೇ ಪುಟ ನನ್ನ ಮುಂದೆ ಬಂತು. ಓದುವವರಿಗೆ ತಕ್ಕ ಹಾಗೆ ಯಂತ್ರ ಅದನ್ನು ಬದಲಿಸುತ್ತದೆ; ನನಗೆ ತೋರಿಸಿದ್ದರಲ್ಲಿ ಕೌದಿ ಎಂಬ ಮಾತೇ ಇಲ್ಲ. ಸತ್ತುಹೋದ ನನ್ನ ಅವ್ವನ ಬಗ್ಗೆ ಎರಡು ಸಾಲು, ಅಷ್ಟೇ. ಮಗಳು ನೀಲಗಂಗಾ ಪಕ್ಕದಲ್ಲೇ ಇದ್ದಳು. "ಯವ್ವಾ, ಒಲ್ಲೆ ಅನ್ನು! ಒಲ್ಲೆ ಅನ್ನಬೇ!" ಎಂದು ಭುಜ ಅಲುಗಾಡಿಸಿದಳು. ನಾನು ಹೂಂ ಅಂದೆ. ಆಮೇಲೆ ಊರಿನವರಿಗೆ ಒಲ್ಲೆ ಅಂದೆನೆಂದು ಸುಳ್ಳು ಹೇಳಿದೆ. ಇಪ್ಪತ್ತು ವರ್ಷದ ಮರ್ಯಾದೆ ಅಜ್ಜಿ, ಬಾಯಿ ಬರಲಿಲ್ಲ. ಇಂದು ಸಂಜೆ ಪುಟ ಹುಬ್ಬಳ್ಳಿಗೆ ಬರುತ್ತದೆ. ನಿಜ ಹೇಳಬೇಕು ಅನ್ನಿಸುತ್ತದೆ. ಮರುಗಳಿಗೆಯೇ ಎಲ್ಲರಿಗೂ ಒಂದೊಂದು ಕೌದಿ ಇರಲಿ ಬಿಡು ಅನ್ನಿಸುತ್ತದೆ. ನನಗೆ ಭಯವಾಗಿದೆ.

ಬರಹ ಸಾಕು ಎಂದು ತಿಳಿಯುವುದು ಹೇಗೆಂದು ನೀನು ಕಂಡಕಂಡವರನ್ನು ಕೇಳುತ್ತಿದ್ದೀ. ಬೇಕಾದವರಿಗೆ ಏನು ಸಿಗುತ್ತದೆಂದು ಗೊತ್ತಾಗಿ, ಬೇಡದವರು ಎದ್ದುಹೋಗಲು ಸಾಧ್ಯವಿದ್ದರೆ ಅದು ಸಾಕು. ಹೋಗುವವರನ್ನು ಹೋಗಲು ಬಿಡು. ನಾಲ್ಕನೇ ಕರಡನ್ನು ಇವತ್ತೇ ಹಾಕು, ಆ ಸಾಲಿನ ಸಮೇತ. ಯಂತ್ರಕ್ಕೆ ಕೊಡಬೇಡ.

ಹೊರಗೆ ನಲವತ್ತೊಂಬತ್ತು ಡಿಗ್ರಿ. ನಾನು ಕೌದಿ ಹೊದ್ದೇ ಬರೆಯುತ್ತಿದ್ದೇನೆ. ನೀಲಗಂಗಾ ಅಳುತ್ತ ಒಂದು ತುದಿ ಹಿಡಿದು ಎಳೆಯುತ್ತಿದ್ದಾಳೆ. ನಾನು ಬಿಡುತ್ತಿಲ್ಲ.