ಇರತಕ್ಕದ್ದು

ಇವರಿಗೆ,

ಇದನ್ನು ನೀವು ಓದುವುದಿಲ್ಲ ಅಂತ ಗೊತ್ತು. ಬದುಕಿದ್ದಾಗಲೇ ನನ್ನ ಮಾತು ಅರ್ಧ ಕೇಳಿ ಎದ್ದು ಹೋಗುತ್ತಿದ್ದವರು ನೀವು.

ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ನನಗೆ ಇಲ್ಲಿ ಒಬ್ಬಳೇ ಇರಲು ಹೆದರಿಕೆ. ಅಳಿಯ ತಾವಿರುವ ಬಾಡಿಗೆ ಮನೆಯಲ್ಲಿ ನನಗೊಂದು ಕೋಣೆ ಬಿಡಿಸಿ, ಮಾಲೀಕನಿಂದ ಬೈಸಿಕೊಂಡೂ ಬಚ್ಚಲ ಗೋಡೆಗೆ ಹಿಡಿಕೆ ಹೊಡೆಸಿದ್ದಾನೆ. ಅದೇ ಅಳಿಯ ನನ್ನನ್ನು ಇಲ್ಲಿಂದ ಎಬ್ಬಿಸಿ ಈ ಮನೆ ಮಾರಿಬಿಡುತ್ತಾನೆ ಅಂತ ತಾನೇ ನೀವು ಉಯಿಲು ಬರೆಸಿದ್ದು!

ಈವತ್ತು ಮಗಳು ಅದನ್ನು ವಕೀಲರಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ಓದಿದರು: "ನನ್ನ ಹೆಂಡತಿ ಕಡೆತನಕ ಈ ಮನೆಯಲ್ಲೇ ಇರತಕ್ಕದ್ದು. ಆಮೇಲೆ ಮನೆ ಮಗಳಿಗೆ. ಹೆಂಡತಿ ನಡುವೆ ಮನೆ ಬಿಟ್ಟರೆ, ನನ್ನ ತಮ್ಮನಿಗೆ."

"'ಇರಬಹುದು' ಅಂತ ಬರೆಸಿದ್ರೆ ಸಾಕಿತ್ತು ಅಜ್ಜಿ. ಇದು ಕಟ್ಟಿ ಹಾಕಿದ ಹಾಗಿದೆ," ಅಂದರು.

"ಅವರಿಗೆ ಮೆತ್ತನೆ ಮಾತು ರುಚಿಸ್ತಿರಲಿಲ್ಲ ಸ್ವಾಮಿ. ಹಸು ಕಟ್ಟೋರೂ ಮೇಯೋಷ್ಟು ಹಗ್ಗ ಬಿಡ್ತಾರೆ," ಅಂದೆ.

ಮೆಟ್ಟಿಲಿಳಿಯುವಾಗ ಮಗಳು ನನ್ನ ಕೈ ಹಿಡಿದಳು. "ಹಾಳಾಗಿ ಹೋಗ್ಲಿ ಆ ಮನೆ. ನೀನು ಬಂದ್ಬಿಡಮ್ಮ."

"ನಿನಗೆ ಅಂತ ಇರೋದು ಅದೊಂದೇ. ಸುಮ್ನೆ ನಡಿಯೇ," ಅಂದೆ.

ಈಗ ಕತ್ತಲಾಗುತ್ತಿದೆ. ನಿಮ್ಮ ತಮ್ಮ ಎದುರು ಮನೆಯ ಕಿಟಕಿಯಲ್ಲಿ ನಿಂತು, ಇಲ್ಲಿ ದೀಪ ಹತ್ತುತ್ತದೋ ಇಲ್ಲವೋ ಅಂತ ನೋಡುತ್ತಿದ್ದಾನೆ. ಗೋಡೆ ಹಿಡಿದುಕೊಂಡು ಎದ್ದು ದೀಪ ಹಾಕಿದೆ.

ಇಂತಿ,
ಇಲ್ಲೇ ಇರತಕ್ಕವಳು