ನಲವತ್ತನೇ ಪುಟದ ತಿದ್ದುಪಡಿ

ಸ್ಕಿಪ್ಟನ್,
೯ ಮಾರ್ಚ್ ೧೯೭೮

ಮಾನ್ಯ ಥ್ಯಾಕ್ರೆ ಅವರಿಗೆ,

ನೀವು ಬರೆದ ನಮ್ಮ ಬಾಂಬರ್ ತರಬೇತಿ ಘಟಕದ ಚರಿತ್ರೆ ತಲುಪಿತು. ಚೆನ್ನಾಗಿದೆ. ಆದರೆ ನಲವತ್ತನೇ ಪುಟದಲ್ಲಿ ‘ಪ್ರತಿ ವಿಮಾನಕ್ಕೂ ಐವರನ್ನು ನೇಮಿಸಲಾಯಿತು’ ಎಂದಿದೆ. ನಮ್ಮನ್ನು ಯಾರೂ ನೇಮಿಸಲಿಲ್ಲ, ಸ್ವಾಮಿ.

೧೯೪೩ರ ಆ ಬೆಳಿಗ್ಗೆ ಪೈಲಟ್‌, ಗನ್ನರ್‌ ಎನ್ನದೆ ಎಲ್ಲರನ್ನೂ ವಿಮಾನ ನಿಲ್ಲಿಸುವ ಒಂದೇ ಹ್ಯಾಂಗರಿನೊಳಗೆ ಬಿಟ್ಟು, “ನಿಮ್ಮ ಜೊತೆಗಾರರನ್ನ ನೀವೇ ಹುಡುಕ್ಕೊಳ್ಳಿ” ಎಂದು ಅಧಿಕಾರಿ ಚಹಾ ಕುಡಿಯಲು ಹೋದರು. ನಾನು ಆರಡಿ ಎರಡಂಗುಲ. ವಿಮಾನದ ಬಾಲದಲ್ಲಿರುವ ಇಕ್ಕಟ್ಟಾದ ಬಂದೂಕಿನ ಗೂಡಿನಲ್ಲಿ ಕೂರಲು ಇಷ್ಟುದ್ದದ ಗನ್ನರ್ ಯಾರಿಗೆ ಬೇಕು? ಗೋಡೆಗೆ ಒರಗಿ ನಿಂತಿದ್ದೆ. ಕೊನೆಗೆ ಪಾರ್ಗಿಟರ್ ಎಂಬ ಪೈಲಟ್ ಬಂದ.

“ಏನಯ್ಯ ಕೊಕ್ಕರೆ, ಗೂಡಲ್ಲಿ ಹಿಡಿಸ್ತೀಯಾ?”

“ಮಡಚ್ಕೊಂಡು ಕೂರ್ತೀನಿ.”

“ಹಂಗಾದ್ರೆ ಬಾ. ನಾವು ನಾಲ್ಕು ಜನಾನೂ ಅಷ್ಟೇನೂ ನೆಟ್ಟಗಿಲ್ಲ.”

ಅದಕ್ಕಿಂತ ದೊಡ್ಡ ಪದಕ ನನಗೆ ಈವರೆಗೆ ಸಿಕ್ಕಿಲ್ಲ.

‘ನೇಮಿಸಲಾಯಿತು’ ಎಂಬ ಮಾತು ಸಲ್ಲುವುದು ಒಬ್ಬನಿಗೆ ಮಾತ್ರ. ತರಬೇತಿಯ ಕೊನೆಯ ವಾರ ಮಂಗನಬಾವು ಬಂದು ನಾನು ಆಸ್ಪತ್ರೆಯಲ್ಲಿದ್ದೆ. ನನ್ನ ಜಾಗಕ್ಕೆ ಎಡ್ಗರ್ ಸ್ಪಿಂಕ್ಸ್ ಎಂಬವನನ್ನು ಹಾಕಿದರು. ಅವನಿಗೆ ಹತ್ತೊಂಬತ್ತು ವರ್ಷ. ವಿಮಾನ ಮಂಜಿನಲ್ಲಿ ಗುಡ್ಡಕ್ಕೆ ಬಡಿಯಿತು. ಸತ್ತ ಐವರ ಪಟ್ಟಿಯಲ್ಲಿ ನೀವು ಅವನ ಬದಲು ನನ್ನ ಹೆಸರು ಹಾಕಿದ್ದೀರಿ.

ಮುಂದಿನ ಮುದ್ರಣದಲ್ಲಿ ಅಲ್ಲಿ ಎಡ್ಗರನ ಹೆಸರಿರಲಿ. ಅವನ ಅಕ್ಕ ಇನ್ನೂ ಇದ್ದಾರೆ, ಒಂದು ಪ್ರತಿ ಅವರಿಗೂ ಕಳಿಸಿ. ಆದರೆ ನಲವತ್ತನೇ ಪುಟದಲ್ಲಿ ಪಾರ್ಗಿಟರನ ತಂಡ ಎಂದು ಬರೆದಿರುವಲ್ಲಿಂದ ನನ್ನ ಹೆಸರು ತೆಗೆಯಬೇಡಿ. ‘ನೇಮಿಸಲಾಯಿತು’ ಅಳಿಸಿ, ‘ಒಬ್ಬರನ್ನೊಬ್ಬರು ಆರಿಸಿಕೊಂಡರು’ ಎಂದು ಬರೆಯಿರಿ.

ಇಂತಿ,
ಕತ್‌ಬರ್ಟ್ ಓಲರನ್‌ಶಾ,
ಪಾರ್ಗಿಟರ್ ತಂಡದ ಕೊಕ್ಕರೆ